ಮುರಕಲ್ಲಿನ ನೆಲದಲ್ಲಿ ಹುಲ್ಲುಹಾಸು: ಕಾಸರಗೋಡಿನ ಮನೆಗಳಿಗೆ ಒಂದು ಮಾರ್ಗದರ್ಶಿ

ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವಾಗ ನೋಡಿ, ಹೊಸ ಮನೆಗಳ ಮುಂದೆ ಇಂಟರ್‌ಲಾಕ್ ಇಲ್ಲದ ಅಂಗಳ ಅಪರೂಪ. ಕೆಸರಾಗುವುದಿಲ್ಲ, ಗುಡಿಸಲು ಸುಲಭ, ಅಡಿಕೆ ಒಣಗಿಸಲೂ ಆಗುತ್ತದೆ. ಆದರೆ ಮಳೆನೀರಿನ ಹೆಚ್ಚಿನ ಪಾಲು ಇಂಗದೆ ರಸ್ತೆಗೆ ಓಡುತ್ತದೆ. ಮಾರ್ಚ್ ಬಂತೆಂದರೆ ಅದೇ ಅಂಗಳದ ಕಾವು ಮನೆಯೊಳಗೆ ನುಗ್ಗುತ್ತದೆ. ಅಂಗಳದ ಒಂದು ಭಾಗವನ್ನಾದರೂ ಹುಲ್ಲಿಗೆ ಬಿಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಾಗೆ ಬಿಟ್ಟವರಲ್ಲೂ ಅನೇಕರು ಎರಡು ವರ್ಷಕ್ಕೇ ಬೇಸತ್ತು ಕೈಬಿಡುತ್ತಾರೆ. ಅವರ ತಪ್ಪಲ್ಲ. ಅವರು ಅನುಸರಿಸಿದ ಸಲಹೆ ಬೇರೆ ಊರಿನದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಇಲ್ಲಿಯ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ತುಲಾವರ್ಷದ ಗುಡುಗು ಮಳೆ ಒಂದಷ್ಟು ಬರುತ್ತದೆ. ಆಮೇಲೆ ಎಪ್ರಿಲ್ ತನಕ ಆಕಾಶ ನೋಡಿ ಪ್ರಯೋಜನವಿಲ್ಲ. ಅಂದರೆ ಹುಲ್ಲಿಗೆ ನಾಲ್ಕು ತಿಂಗಳು ಕೊಳೆಯುವ ಭಯ, ನಾಲ್ಕೈದು ತಿಂಗಳು ಒಣಗುವ ಭಯ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಹುಲ್ಲಿನ ಜಾತಿಯನ್ನು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನೋಡಿ ಆರಿಸಿ, ಹಾಸಿನ ಅಳತೆಯನ್ನು ಎಪ್ರಿಲ್ ತಿಂಗಳ ಬಾವಿ ನೋಡಿ ತೀರ್ಮಾನಿಸಿ.

ಎಷ್ಟು ದೊಡ್ಡದು ಬೇಕು?

ಮೊದಲು ನೀರಿನ ಲೆಕ್ಕ ಹಾಕೋಣ. ಒಂದು ಸೆಂಟ್ ಅಂದರೆ ಸುಮಾರು 40 ಚದರ ಮೀಟರ್. ಬೇಸಿಗೆಯಲ್ಲಿ ಹಾಸು ಹಸಿರಾಗಿಯೇ ಇರಬೇಕಾದರೆ ವಾರಕ್ಕೆ ಒಂದು ಇಂಚು ನೀರು ಬೇಕು. ಒಂದು ಸೆಂಟಿಗೆ ಅದು ಹತ್ತಿರ ಹತ್ತಿರ 1,000 ಲೀಟರ್. ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ಒಂದು ಸರದಿಗೆ 175 ಲೀಟರ್ ನೀರು ಕೊಡಿ ಅನ್ನುವುದು ಶಿಫಾರಸು. ಅಂದರೆ ಒಂದು ಸೆಂಟ್ ಹುಲ್ಲು ಕುಡಿಯುವ ವಾರದ ನೀರಿನಲ್ಲಿ ಐದಾರು ಅಡಿಕೆ ಮರಗಳ ಒಂದು ಸರದಿ ಮುಗಿಯುತ್ತದೆ. ಎಪ್ರಿಲ್‌ನಲ್ಲಿ ನಿಮ್ಮ ಬಾವಿ ಅಥವಾ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ತೋಟಕ್ಕೂ ಮನೆಗೂ ಕೊಟ್ಟು ಎಷ್ಟು ಉಳಿಸುತ್ತದೆ ಎಂಬುದು ನಿಮಗೇ ಗೊತ್ತು. ನನ್ನ ಪ್ರಕಾರ ಹೆಚ್ಚಿನ ಮನೆಗಳಿಗೆ ಅರ್ಧ ಸೆಂಟಿನಿಂದ ಒಂದು ಸೆಂಟ್ ಸಾಕು. ಮಕ್ಕಳು ಆಡಲು, ಸಂಜೆ ನಾಲ್ಕು ಕುರ್ಚಿ ಹಾಕಿ ಕೂರಲು ಅಷ್ಟು ಜಾಗ ಧಾರಾಳ.

ಅಡಿಕೆ ಒಣಹಾಕುವ ಅಂಗಳವನ್ನು ಮುಟ್ಟಬೇಡಿ. ಹುಲ್ಲಿನ ಮೇಲೆ ಅಡಿಕೆ ಒಣಗುವುದಿಲ್ಲ, ಅಡಿಕೆಯ ಅಡಿಯಲ್ಲಿ ಹುಲ್ಲು ಬದುಕುವುದಿಲ್ಲ. ಮನೆಯ ಪಕ್ಕದ ಜಾಗ, ಗೇಟಿನ ಒಳಬದಿ ಅಥವಾ ಅಂಗಳದ ಕೆಳಗಿನ ಮಟ್ಟಸವಾದ ತಟ್ಟು ಒಳ್ಳೆಯದು. ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂದು ನೋಡಿಕೊಳ್ಳಿ. ಆರು ಗಂಟೆ ಇದ್ದರೆ ಯಾವ ಹುಲ್ಲೂ ಆದೀತು. ಮೂರು ನಾಲ್ಕು ಗಂಟೆ ಮಾತ್ರ ಆದರೆ ಆಯ್ಕೆ ಒಂದೇ, ಅದನ್ನು ಮುಂದೆ ಹೇಳುತ್ತೇನೆ. ಹಲಸು, ಮಾವಿನ ದಟ್ಟ ನೆರಳಿನಲ್ಲಿ ಹುಲ್ಲಿನ ಆಸೆ ಬಿಟ್ಟುಬಿಡಿ. ಅಲ್ಲಿ ಒಂದೆಲಗ ಹಬ್ಬಿಸಿ, ನೆಲಕ್ಕೆ ಹಾಸೂ ಆಯಿತು, ತಂಬುಳಿಗೆ ಎಲೆಯೂ ಆಯಿತು.

ತೆಂಗಿನ ಮರ ಇದ್ದರೆ ಬುಡದಿಂದ ಸುತ್ತ ಆರು ಅಡಿ ಬಿಡಿ. ತೆಂಗಿನ ಚುರುಕಿನ ಬೇರುಗಳು ಇರುವುದು ಅಲ್ಲೇ, ಗೊಬ್ಬರ ಹಾಕಬೇಕಾದ್ದೂ ಅಲ್ಲಿಗೇ. ಕುರ್ಚಿ ಹಾಕುವ ಜಾಗ ಅಂತೂ ತೆಂಗಿನ ಕೆಳಗೆ ಬೇಡವೇ ಬೇಡ.

ಕೊಡೆ ಹಿಡಿದು ಮಾಡುವ ಕೆಲಸ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನಗೆ ಅತಿ ಮುಖ್ಯ ಅನ್ನಿಸುವುದೂ ಇದೇ. ಜೂನ್, ಜುಲೈ ತಿಂಗಳಲ್ಲಿ ಜೋರು ಮಳೆ ಹೊಯ್ಯುತ್ತಿರುವಾಗ ಕೊಡೆ ಹಿಡಿದು ಆ ಜಾಗದಲ್ಲಿ ನಿಂತು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಹೋಗುತ್ತದೆ? ನಿಂತ ಜಾಗಗಳಲ್ಲಿ ಒಂದೊಂದು ಕೋಲು ನೆಡಿ. ಮಳೆ ಬಿಟ್ಟು ಎರಡು ಗಂಟೆಯಾದರೂ ಕೋಲಿನ ಬುಡದಲ್ಲಿ ನೀರಿದ್ದರೆ ಅಲ್ಲಿ ತಗ್ಗು ತುಂಬಬೇಕು, ಇಲ್ಲವೇ ನೀರು ಹೋಗಲು ಒಂದು ಕಣಿ (ಕಾಲುವೆ) ತೆಗೆಯಬೇಕು.

ಮಾಡಿನಿಂದ (ಛಾವಣಿಯಿಂದ) ಬೀಳುವ ನೀರನ್ನು ಹಾಸಿನ ಮೇಲೆ ಬಿಡಲೇಬಾರದು. 1,000 ಚದರ ಅಡಿ ಮಾಡಿನಿಂದ ವರ್ಷಕ್ಕೆ 3 ಲಕ್ಷ ಲೀಟರಿಗೂ ಜಾಸ್ತಿ ನೀರು ಇಳಿಯುತ್ತದೆ. ಹಂಚಿನ ಅಂಚಿನಿಂದ ಒಂದೇ ಗೆರೆಯಲ್ಲಿ ಬೀಳುವ ಆ ನೀರು ಯಾವ ಹುಲ್ಲನ್ನೂ ಬೇರು ಸಹಿತ ಎಬ್ಬಿಸುತ್ತದೆ. ಅಂಚಿನ ಕೆಳಗೆ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಹಾಕಿ. ನೀರನ್ನು ಕಣಿಯಲ್ಲಿ ಇಂಗುಗುಂಡಿಗೆ ತಿರುಗಿಸಿ, ಅಥವಾ ಸೋಸಿ ಬಾವಿಗೆ ಬಿಡಿ. ಬೇಸಿಗೆಯಲ್ಲಿ ನಿಮ್ಮ ಹುಲ್ಲಿಗೆ ಬೇಕಾಗುವುದು ಅದೇ ನೀರು.

ಹುಲ್ಲುಹಾಸಿಗೆ ಹತ್ತು ಅಡಿಗೆ ಎರಡು ಇಂಚಿನಷ್ಟು ಇಳಿಜಾರು ಕೊಡಿ, ಮನೆಯ ಗೋಡೆಯಿಂದ ದೂರಕ್ಕೆ. ಎರಡು ಗೂಟ, ಒಂದು ದಾರ, ನೀರು ತುಂಬಿದ ಪಾರದರ್ಶಕ ಪೈಪಿನ ತುಂಡು ಇದ್ದರೆ ಮಟ್ಟ ನೋಡಲು ಬೇರೇನೂ ಬೇಡ.

ಮಣ್ಣು ಹದ ಮಾಡುವುದು

ನಮ್ಮಲ್ಲಿ ಎರಡು ಬಗೆಯ ನೆಲ. ಮುಳ್ಳೇರಿಯ, ಪೆರ್ಲ, ನೀರ್ಚಾಲಿನ ಕಡೆ ಮುರಕಲ್ಲಿನ (ಲ್ಯಾಟರೈಟ್) ಕೆಂಪು ಮಣ್ಣು. ಉಪ್ಪಳ, ಮಂಜೇಶ್ವರದ ಸಮುದ್ರದ ಬದಿಯಲ್ಲಿ ಹೊಯಿಗೆ (ಮರಳು) ನೆಲ. ಎರಡಕ್ಕೂ ಉಪಚಾರ ಬೇರೆ ಬೇರೆ.

ಮುರಕಲ್ಲಿನ ಮಣ್ಣು ಹುಳಿ. ವರ್ಷ ವರ್ಷದ ಜಡಿಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಣ್ಣಿಗೆ ಹಾಕಿದ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಎಷ್ಟು ಗೊಬ್ಬರ ಸುರಿದರೂ ಹುಲ್ಲು ಹಳದಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಐದಾರು ಕಡೆ ಅರ್ಧ ಅಡಿ ಆಳಕ್ಕೆ ಅಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೆದು ತೆಗೆಯಿರಿ. ಎಲ್ಲ ಸೇರಿಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ನಿಮ್ಮ ಪಂಚಾಯತಿನ ಕೃಷಿಭವನಕ್ಕೆ ಕೊಡಿ. ಫಲಿತಾಂಶ ಬರುವುದು ತಡವಾದರೆ, ಹುಳಿ ಮಣ್ಣಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣದಲ್ಲಿ ಸೆಂಟಿಗೆ 2 ಕಿಲೋ ಸುಣ್ಣ ಹಾಕಿ ಕೆಲಸ ಶುರು ಮಾಡಬಹುದು. ಅಂಗಡಿಯಲ್ಲಿ ಕುಮ್ಮಾಯ ಎಂದು ಕೇಳಿ. ಡಾಲಮೈಟ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದರಲ್ಲಿ ಮೆಗ್ನೀಸಿಯಂ ಕೂಡ ಇರುತ್ತದೆ. ಸುಣ್ಣದ ಜೊತೆಗೇ ಗೊಬ್ಬರ ಬೆರೆಸಬೇಡಿ, ಎರಡು ವಾರ ಬಿಡಿ. ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಅಗೆಯುವುದು ಮಣ್ಣು ಹಸಿಯಿರುವಾಗ. ಬೇಸಿಗೆಯಲ್ಲಿ ಮುರಮಣ್ಣಿಗೆ ಪಿಕ್ಕಾಸು ಹಾಕಿದರೆ ಕಿಡಿ ಹಾರುತ್ತದೆ ಅಷ್ಟೇ. ಎಂಟು ಇಂಚು ಆಳ ಸಡಿಲ ಮಾಡಿ, ಕಲ್ಲಿನ ಚೂರು ಆರಿಸಿ ತೆಗೆಯಿರಿ. ಎರಡು ಇಂಚು ಅಗೆಯುವಷ್ಟರಲ್ಲಿ ಪಾರೆ (ಬಂಡೆ) ಸಿಕ್ಕಿದರೆ ಅಗೆಯುವ ಹಟ ಬೇಡ. ಅಂಚಿಗೆ ಒಂದು ಸಾಲು ಮುರಕಲ್ಲು ಕಟ್ಟಿ, ಮೇಲೆ ಆರರಿಂದ ಎಂಟು ಇಂಚು ಮಣ್ಣು ತುಂಬಿ. ಕೆಳಗಿನ ಕಡೆಯ ಅಂಚಿನಲ್ಲಿ ನೀರು ಹೋಗಲು ನಾಲ್ಕು ತೂತು ಬಿಡಿ.

ತುಂಬುವ ಮಣ್ಣನ್ನು ಲಾರಿಯಲ್ಲಿ ತರಿಸುವವರು ಇಳಿಸುವ ಮೊದಲು ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡಿ. ಅದರಲ್ಲಿ ಕಡಲೆಯಷ್ಟು ದಪ್ಪದ, ಕಪ್ಪು ಸಿಪ್ಪೆಯ, ಒಳಗೆ ಬಿಳಿ ಇರುವ ಗಡ್ಡೆಗಳಿದ್ದರೆ ಅದು ಕೊನ್ನಾರಿ ಎಂಬ ಕಳೆ. ಆ ಲೋಡು ವಾಪಸ್ ಕಳಿಸಿ. ಮುಜುಗರ ಪಡಬೇಡಿ. ಒಮ್ಮೆ ಒಳಗೆ ಬಂದ ಕೊನ್ನಾರಿ ವರ್ಷಗಟ್ಟಲೆ ಹೋಗುವುದಿಲ್ಲ.

ಗೊಬ್ಬರಕ್ಕೆ ಪೂರ್ತಿ ಕಳಿತ ಹಟ್ಟಿಗೊಬ್ಬರ, ಜೊತೆಗೆ ತೆಂಗಿನ ನಾರಿನ ಪುಡಿಯ ಕಾಂಪೋಸ್ಟ್. ಎರಡೂ ಸೇರಿ ಒಂದೂವರೆ ಇಂಚು ದಪ್ಪಕ್ಕೆ ಹರಡಿ ಮಣ್ಣಿನಲ್ಲಿ ಬೆರೆಸಿ. ಅರ್ಧ ಕಳಿತ ಗೊಬ್ಬರ ಕಳೆಬೀಜದ ಮೂಟೆ, ಅದು ಬೇಡ. ಸೆಂಟಿಗೆ 4 ಕಿಲೋ ಬೇವಿನ ಹಿಂಡಿ ಹಾಕಿದರೆ ಒರಲೆಯ (ಗೆದ್ದಲಿನ) ಕಾಟ ಕಡಿಮೆ. ಹುಳಿ ಮಣ್ಣಿನಲ್ಲಿ ರಾಕ್ ಫಾಸ್ಫೇಟ್ ನಿಧಾನವಾಗಿ ಕರಗಿ ಚೆನ್ನಾಗಿ ಕೆಲಸ ಮಾಡುತ್ತದೆ, ಸೆಂಟಿಗೆ ಒಂದು ಕಿಲೋ ಸಾಕು.

ಹೊಯಿಗೆ ನೆಲದವರಿಗೆ ಅಗೆಯುವ ಕಷ್ಟ ಇಲ್ಲ. ಆದರೆ ಅಲ್ಲಿ ನೀರೂ ನಿಲ್ಲುವುದಿಲ್ಲ, ಸಾರವೂ ನಿಲ್ಲುವುದಿಲ್ಲ. ಕಾಂಪೋಸ್ಟನ್ನು ಮೂರು ಇಂಚಿಗೆ ಏರಿಸಿ, ಸ್ವಲ್ಪ ಕೆಂಪು ಮಣ್ಣು ಬೆರೆಸಿ.

ಯಾವ ಹುಲ್ಲು?

ನರ್ಸರಿಯಲ್ಲಿ ಮೊದಲು ತೋರಿಸುವುದು ಕೊರಿಯನ್ ಅಥವಾ ಮೆಕ್ಸಿಕನ್ ಗ್ರಾಸ್. ನೋಡಲು ಚಂದ, ಮೆತ್ತಗೆ. ಆದರೆ ಬೆಳೆಯುವುದು ತುಂಬಾ ನಿಧಾನ, ಪೂರ್ತಿ ಬಿಸಿಲು ಬೇಕು, ನೀರು ನಿಂತರೆ ಅಡಿಯಲ್ಲಿ ಕೊಳೆಯುತ್ತದೆ. ಸಮುದ್ರದ ಬದಿಯವರಿಗೆ ಇದು ಒಳ್ಳೆಯ ಆಯ್ಕೆ. ಉಪ್ಪು ಗಾಳಿಯನ್ನೂ ಸ್ವಲ್ಪ ಉಪ್ಪು ನೀರನ್ನೂ ತಡೆಯುತ್ತದೆ, ಹೊಯಿಗೆಯಲ್ಲಿ ನೀರು ಬೇಗ ಇಂಗುವುದರಿಂದ ಕೊಳೆಯುವ ಭಯವೂ ಕಡಿಮೆ.

ಒಳನಾಡಿನ ಮನೆಗಳಿಗೆ ನಾನು ಹೇಳುವುದು ಎರಡೇ. ನೆರಳು ಜಾಸ್ತಿ ಇರುವ, ತಂಪು ಜಾಗಕ್ಕೆ ನಮ್ಮ ಕಡೆ ಬಫಲೋ ಎಂದು ಮಾರುವ ಅಗಲ ಎಲೆಯ ಹುಲ್ಲು. ಅದರದ್ದೇ ಗಿಡ್ಡ ತಳಿಯನ್ನು ಪರ್ಲ್ ಗ್ರಾಸ್ ಅನ್ನುತ್ತಾರೆ. ಹುಳಿ ಮಣ್ಣಿಗೂ ಜಡಿಮಳೆಗೂ ಇದು ಹೆದರುವುದಿಲ್ಲ. ತೋಟದ ಕಣಿಯ ಬದಿಯಲ್ಲಿ ತಾನಾಗಿ ಬೆಳೆಯುವ ಜಾತಿಯೇ ಇದು. ನೀರಿಲ್ಲದಿದ್ದರೆ ಮಾತ್ರ ಬೇಗ ಸೋಲುತ್ತದೆ.

ಪೂರ್ತಿ ಬಿಸಿಲಿರುವ ಜಾಗಕ್ಕೆ ಗರಿಕೆ. ಮಧೂರಿನ ಗಣಪತಿಗೆ ಒಯ್ಯುವ ಅದೇ ಗರಿಕೆ. ನರ್ಸರಿಯಲ್ಲಿ ಇದರ ಸಣ್ಣ ಎಲೆಯ ತಳಿಗಳು ಬರ್ಮುಡಾ ಎಂಬ ಹೆಸರಿನಲ್ಲಿ ಸಿಗುತ್ತವೆ. ಗರಿಕೆ ಆಳಕ್ಕೆ ಬೇರು ಬಿಡುತ್ತದೆ. ಬೇಸಿಗೆಯಲ್ಲಿ ಮೇಲೆ ಒಣಗಿದರೂ ಅಡಿಯಲ್ಲಿ ಜೀವ ಹಿಡಿದುಕೊಂಡು ಮೊದಲ ಮಳೆಗೆ ಚಿಗುರುತ್ತದೆ. ನೀರಿನ ಕೊರತೆ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಹುಲ್ಲು ನನಗೆ ಕಂಡಿಲ್ಲ. ನೆರಳಿಗೆ ಮಾತ್ರ ಹಾಕಬೇಡಿ, ಸೊರಗಿ ಹೋಗುತ್ತದೆ.

ಹಳದಿ ಹೂ ಬಿಡುವ ವೆಡೇಲಿಯ ಬಳ್ಳಿಯನ್ನು ನೆಲ ಮುಚ್ಚಲು ಸುಲಭ ಎಂದು ಕೊಡುವವರಿದ್ದಾರೆ. ದಯವಿಟ್ಟು ನೆಡಬೇಡಿ. ಅದು ಬೇಲಿ ದಾಟಿ ತೋಟ, ತೋಡಿನ ಬದಿಯನ್ನೆಲ್ಲ ಆವರಿಸಿ ಉಳಿದ ಗಿಡಗಳನ್ನು ಮುಗಿಸುತ್ತದೆ.

ನೆಡುವ ಕಾಲ ಮತ್ತು ಕ್ರಮ

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನೆಡುವುದು ಹಳೆಯ ರೂಢಿ. ಮರಗಿಡಗಳಿಗೆ ಅದು ಸರಿ. ಹುಲ್ಲಿಗೆ ಅಲ್ಲ. ಬೇರು ಹಿಡಿಯುವ ಮೊದಲೇ ಜೂನಿನ ಮಳೆ ಮಣ್ಣನ್ನೂ ಕಡ್ಡಿಯನ್ನೂ ಗೇಟಿನ ಹೊರಗೆ ಒಯ್ಯುತ್ತದೆ. ನೆಡಲು ಸರಿಯಾದ ಕಾಲ ಸೋಣ ತಿಂಗಳ ಕೊನೆ, ಅಂದರೆ ಸೆಪ್ಟೆಂಬರ್. ಆಗ ಮಳೆಯ ಜೋರು ಇಳಿದಿರುತ್ತದೆ, ಮುಂದೆ ತುಲಾವರ್ಷವೂ ಕೈಹಿಡಿಯುತ್ತದೆ. ಬೇಸಿಗೆ ಬರುವ ಮೊದಲು ಬೇರು ಇಳಿಯಲು ಮೂರು ತಿಂಗಳು ಸಿಗುತ್ತದೆ.

ಹಾಗಾದರೆ ಕೆಲಸ ಹೀಗೆ ಸಾಗುತ್ತದೆ. ಆಗಸ್ಟ್ ಮೊದಲ ವಾರ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಅಗೆದು ಸುಣ್ಣ ಹಾಕಿ. ಎರಡು ವಾರ ಬಿಟ್ಟು ಗೊಬ್ಬರ ಬೆರೆಸಿ ಮಟ್ಟ ಮಾಡಿ. ಆಮೇಲೆ ಏನನ್ನೂ ನೆಡದೆ ಸುಮ್ನೆ ಬಿಡಿ. ಹತ್ತು ಹನ್ನೆರಡು ದಿನದಲ್ಲಿ ಕಳೆ ಮೊಳೆಯುತ್ತದೆ. ಬಿಸಿಲು ಬಂದ ದಿನ ಅದನ್ನು ಮೇಲಿಂದ ಮೇಲೆ ಕೆರೆದು ತೆಗೆಯಿರಿ, ಆಳಕ್ಕೆ ಅಗೆಯಬೇಡಿ. ಅಗೆದರೆ ಅಡಿಯ ಬೀಜ ಮತ್ತೆ ಮೇಲೆ ಬರುತ್ತದೆ. ಈ ಒಂದು ಕೆಲಸದಿಂದ ಮುಂದಿನ ವರ್ಷದ ಅರ್ಧ ಕಳೆ ತೆಗೆಯುವ ಶ್ರಮ ಉಳಿಯುತ್ತದೆ.

ಗರಿಕೆಗೆ ಮೂರು ನಾಲ್ಕು ಗೆಣ್ಣುಗಳ ತುಂಡು ಸಾಕು. ಎರಡು ಗೆಣ್ಣು ಮಣ್ಣಿನೊಳಗೆ, ಒಂದು ಮೇಲೆ. ಕಡ್ಡಿಯಿಂದ ಕಡ್ಡಿಗೆ ನಾಲ್ಕು ಇಂಚು ಅಂತರ. ನೆಟ್ಟ ಮೇಲೆ ಬುಡವನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಮಣ್ಣು ಮತ್ತು ಗೆಣ್ಣಿನ ನಡುವೆ ಗಾಳಿ ಉಳಿದರೆ ಬೇರು ಬರುವುದಿಲ್ಲ. ಬಫಲೋ ಹುಲ್ಲನ್ನು ಬೇರಿರುವ ಬಳ್ಳಿ ತುಂಡುಗಳಾಗಿ ಅದೇ ಅಂತರದಲ್ಲಿ ನೆಡಿ. ಗರಿಕೆ ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ, ಬಫಲೋ ಸ್ವಲ್ಪ ನಿಧಾನ. ಕೊರಿಯನ್‌ಗೆ ಆರು ತಿಂಗಳಿಗೂ ಮೇಲಾಗಬಹುದು.

ಚಾಪೆಯಂತೆ ಕತ್ತರಿಸಿದ ತುಂಡು ತರಿಸುವುದಾದರೆ ಒಂದೆರಡನ್ನು ಮಗುಚಿ ನೋಡಿ, ಅಲ್ಲೂ ಕೊನ್ನಾರಿ ಅಡಗಿರುತ್ತದೆ. ಅಡಿಯಲ್ಲಿ ಬಲೆ ಅಥವಾ ಪ್ಲಾಸ್ಟಿಕ್ ಇದ್ದರೆ ತೆಗೆಯಿರಿ. ಮುರಕಲ್ಲಿನ ಗೋಡೆಯಲ್ಲಿ ಸಂದು ತಪ್ಪಿಸಿ ಕಲ್ಲಿಡುವ ಹಾಗೆ ತುಂಡುಗಳನ್ನು ಜೋಡಿಸಿ. ಉದ್ದಕ್ಕೆ ಒಂದೇ ಸಂದು ಬಂದರೆ ಮಳೆನೀರು ಅದನ್ನೇ ಕಣಿ ಮಾಡಿಕೊಳ್ಳುತ್ತದೆ. ಸಂದುಗಳಿಗೆ ಸೋಸಿದ ಮಣ್ಣು ತುಂಬಿ, ಹಲಗೆ ಇಟ್ಟು ಮೇಲೆ ನಡೆದು ಕೂರಿಸಿ. ಮೊದಲ ಎರಡು ವಾರ ಮಳೆಯಿಲ್ಲದ ದಿನ ನೀರು ಕೊಡಿ, ಒಂದು ತಿಂಗಳು ಯಾರೂ ತುಳಿಯದಿರಲಿ.

ಕತ್ತರಿಸುವುದು

ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ತೋಟದ ಹುಲ್ಲು ಹೆರೆಯುವ ಮಷಿನ್ ಇದೆ. ಅದನ್ನೇ ತಂದು ಹಾಸಿನ ಮೇಲೂ ಓಡಿಸುತ್ತಾರೆ. ಅದು ತೋಟಕ್ಕೆ ಸರಿ. ಹಾಸಿನಲ್ಲಿ ಒಂದು ಕಡೆ ಬೋಳು, ಇನ್ನೊಂದು ಕಡೆ ಕುಚ್ಚು ಮಾಡುತ್ತದೆ, ಮುರಕಲ್ಲಿನ ಚೂರನ್ನು ಕಿಟಕಿಗೆ ಹಾರಿಸುತ್ತದೆ. ಅರ್ಧ ಸೆಂಟ್, ಒಂದು ಸೆಂಟಿಗೆ ಕೈಯಲ್ಲಿ ತಳ್ಳುವ ಉರುಳೆ ಮೋವರ್ ಸಾಕು. ಪೆಟ್ರೋಲ್ ಬೇಡ, ಸದ್ದಿಲ್ಲ. ಹೆರೆಯುವ ಮಷಿನ್ ಬಳಸುವುದೇ ಆದರೆ ಬ್ಲೇಡಿನ ಬದಲು ದಾರದ ತಲೆ ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಒಳಗಿರಲಿ.

ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಗರಿಕೆಯನ್ನು ಒಂದರಿಂದ ಒಂದೂವರೆ ಇಂಚಿನಲ್ಲಿ ಇಡಿ, ಬಫಲೋವನ್ನು ಎರಡು ಇಂಚಿನಲ್ಲಿ. ಬೇಸಿಗೆಗೆ ಎರಡಕ್ಕೂ ಅರ್ಧ ಇಂಚು ಎತ್ತರ ಕೂಡಿಸಿ, ನೆಲಕ್ಕೆ ನೆರಳಾಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ. ಹುಲ್ಲು ಒದ್ದೆ ಇದ್ದಾಗ ಬೇಡ, ಮಳೆ ಬಿಟ್ಟ ಒಂದು ಮಧ್ಯಾಹ್ನ ಕಾಯಿರಿ. ಮನೆಯ ಸುತ್ತ ಹುಲ್ಲು ಗಿಡ್ಡ ಇದ್ದರೆ ವಿಷದ ಕನ್ನಡಿ ಹಾವು ಮಲಗಿದ್ದರೂ ಕಣ್ಣಿಗೆ ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಗೊಬ್ಬರ ಮತ್ತು ಕಳೆ

ಗೊಬ್ಬರ ವರ್ಷಕ್ಕೆ ಮೂರು ಸಲ: ಮೇ ತಿಂಗಳ ಮೊದಲ ಮಳೆಗೆ, ಸೆಪ್ಟೆಂಬರ್‌ನಲ್ಲಿ, ನವೆಂಬರ್‌ನಲ್ಲಿ. ನೀರು ಬೆರೆಸಿದ ಸೆಗಣಿ, ಕೊಳೆಸಿ ತೆಳುಮಾಡಿದ ನೆಲಗಡಲೆ ಹಿಂಡಿ, ಪುಡಿ ಕಾಂಪೋಸ್ಟ್, ಯಾವುದಾದರೂ ಆಗುತ್ತದೆ. ಯೂರಿಯಾ ಹಾಕುವವರು ಒಂದು ಸಲಕ್ಕೆ ಸೆಂಟಿಗೆ 250 ಗ್ರಾಂ ದಾಟಬೇಡಿ, ಹಾಕಿದ ಕೂಡಲೇ ನೀರು ಕೊಡಿ. ಜೂನ್, ಜುಲೈಯಲ್ಲಿ ಯಾವ ಗೊಬ್ಬರವೂ ಬೇಡ. ಅದು ಹುಲ್ಲಿಗೆ ಸಿಗುವ ಮೊದಲು ತೋಡಿಗೋ ಬಾವಿಗೋ ಸೇರುತ್ತದೆ.

ಕಳೆನಾಶಕ ಹೊಡೆಯಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಈ ಜಿಲ್ಲೆಯ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಎಣ್ಮಕಜೆಯ ಮನೆಗಳಲ್ಲಿ ಅದರ ನೋವು ಇನ್ನೂ ಮುಗಿದಿಲ್ಲ. ಮಕ್ಕಳು ಬರಿಗಾಲಲ್ಲಿ ಓಡುವ, ಬಾವಿಯಿಂದ ಹತ್ತು ಮಾರು ದೂರದ ಜಾಗಕ್ಕೆ ಅಂದಕ್ಕಾಗಿ ವಿಷ ಹಾಕುವುದು ನಮ್ಮ ಊರಿನವರು ಮಾಡುವ ಕೆಲಸವಲ್ಲ.

ಕೈಯಲ್ಲೇ ತೆಗೆಯಲು ಆಗುವಷ್ಟು ಸಣ್ಣ ಹಾಸು ಮಾಡಿ ಎಂದದ್ದು ಇದಕ್ಕೂ ಸೇರಿಯೇ. ನಾಚಿಕೆ ಮುಳ್ಳನ್ನು ಹೂ ಬಿಡುವ ಮೊದಲು ಬೇರು ಸಹಿತ ಕೀಳಿ. ಕೊನ್ನಾರಿಯನ್ನು ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಗಡ್ಡೆ ಅಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಮಣ್ಣು ಚೆನ್ನಾಗಿ ನೆನೆದಿರುವಾಗ ಸಣ್ಣ ಹಾರೆಯಿಂದ ಅರ್ಧ ಅಡಿ ಆಳಕ್ಕೆ ಎತ್ತಿ, ದಾರದಂತಹ ಬೇರು ಹಿಡಿದು ಸರಪಳಿಯ ಎಲ್ಲ ಗಡ್ಡೆಗಳನ್ನೂ ಹೊರಗೆ ತೆಗೆಯಿರಿ. ಕಾಂಪೋಸ್ಟ್ ಗುಂಡಿಗೆ ಹಾಕದೆ ಒಣಗಿಸಿ ಸುಡಿ. ನೆರಳಿನ ಅಂಚಿನಲ್ಲಿ ಪಾಚಿ ಕಟ್ಟಿದರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ. ಕೆರೆದು ತೆಗೆದರೆ ಸಾಲದು, ಕಬ್ಬಿಣದ ಮುಳ್ಳುಗೋಲಿನಿಂದ ಚುಚ್ಚಿ ತೂತು ಮಾಡಿ, ಮೇಲೆ ಸ್ವಲ್ಪ ಹೊಯಿಗೆ ಉದುರಿಸಿ.

ಬೇಸಿಗೆ ದಾಟಿಸುವುದು

ಜನವರಿಯಿಂದ ನೀರನ್ನು ವಾರಕ್ಕೆ ಎರಡು ಸಲ, ಬೆಳಗ್ಗೆ ಬೇಗ, ಆಳಕ್ಕೆ ಇಳಿಯುವಂತೆ ಕೊಡಿ. ದಿನಾ ಸಂಜೆ ಪೈಪಿನಲ್ಲಿ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುತ್ತದೆ. ನೀರು ಸಾಕಾಯಿತೇ ಎಂದು ತಿಳಿಯಲು ಒಂದು ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಅರ್ಧ ಅಡಿ ಸಲೀಸಾಗಿ ಇಳಿದರೆ ಸಾಕು. ಹುಲ್ಲಿನ ಮೇಲೆ ನಡೆದಾಗ ಹೆಜ್ಜೆ ಗುರುತು ಹಾಗೇ ಉಳಿದರೆ ನೀರು ಬೇಕು ಎಂದರ್ಥ. ಬಟ್ಟೆಯನ್ನು ಕೊನೆಗೆ ಜಾಲಿಸಿದ ನೀರನ್ನು ಬಳಸಬಹುದು, ಸೋಪಿನ ಮೊದಲ ನೀರು ಬೇಡ.

ಮಾರ್ಚ್ ಹೊತ್ತಿಗೆ ಬಾವಿ ಇಳಿದರೆ ಗರಿಕೆಯನ್ನು ಕಂದಾಗಲು ಬಿಡಿ. ಹತ್ತು ಹದಿನೈದು ದಿನಕ್ಕೊಮ್ಮೆ ಸೆಂಟಿಗೆ 500 ಲೀಟರ್ ಕೊಟ್ಟರೆ ಜೀವ ಉಳಿಯುತ್ತದೆ. ಸತ್ತಿದೆಯೋ ಎಂದು ಅನುಮಾನವಾದರೆ ಒಂದು ಬಳ್ಳಿ ಎತ್ತಿ ಗೆಣ್ಣನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬಿಳಿ, ಗಟ್ಟಿ ಇದ್ದರೆ ಬದುಕಿದೆ. ಕಡ್ಡಿಯಂತೆ ಪಟಕ್ಕನೆ ಮುರಿದರೆ ಹೋಗಿದೆ. ಒಣಗಿದ ಹಾಸಿನ ಮೇಲೆ ಕಾರು, ಬೈಕ್ ನಿಲ್ಲಿಸಬೇಡಿ. ಬಫಲೋ ಹುಲ್ಲಿಗೆ ಈ ಸಹನೆ ಇಲ್ಲ, ಅದಕ್ಕೆ ವಾರದ ನೀರು ತಪ್ಪಿಸಬಾರದು.

ಮೇ ತಿಂಗಳ ಮೊದಲ ಎರಡು ಮಳೆ ಬಿದ್ದ ಮೇಲೆ ಒಣ ಎಲೆಯನ್ನೆಲ್ಲ ಕುಂಟೆಯಿಂದ ಬಾಚಿ ತೆಗೆಯಿರಿ, ಸೋಸಿದ ಮಣ್ಣು ಮತ್ತು ಕಾಂಪೋಸ್ಟ್ ಬೆರೆಸಿ ಅರ್ಧ ಇಂಚು ಉದುರಿಸಿ.

ಅದೇ ಸಮಯದಲ್ಲಿ ಸಂಜೆ ಬೆಳಕಿನ ಸುತ್ತ ಕಂದು ದುಂಬಿಗಳು ಹಾರುತ್ತವೆ. ಅವುಗಳ ಮರಿಯೇ ಬೇರುಹುಳು. ತೆಂಗು, ಅಡಿಕೆಯ ಬೇರು ತಿನ್ನುವ ಆ ಬಿಳಿ ಹುಳ ಹುಲ್ಲಿನ ಬೇರನ್ನೂ ತಿನ್ನುತ್ತದೆ. ದುಂಬಿಗಳನ್ನು ಮುಸ್ಸಂಜೆ ಹಿಡಿದು ಸೋಪು ನೀರಿಗೆ ಹಾಕುವುದು ಅತಿ ಸುಲಭದ ಉಪಾಯ. ಮಳೆಗಾಲದ ಕೊನೆಗೆ ಅಲ್ಲಲ್ಲಿ ಹಳದಿ ತೇಪೆ ಕಂಡು, ಎಳೆದರೆ ಹುಲ್ಲು ಚಾಪೆಯಂತೆ ಎದ್ದು ಬಂದರೆ ಅಡಿಯಲ್ಲಿ ಹುಳ ಇದೆ. ಆ ತೇಪೆಯನ್ನು ಮಗುಚಿ ಹುಳ ಆರಿಸಿ, ಕೋಳಿಗೆ ಬಿಡಿ. ಬಿಟ್ಟುಬಿಟ್ಟರೆ ಕಾಡುಹಂದಿ ವಾಸನೆ ಹಿಡಿದು ರಾತ್ರಿ ಬಂದು ಇಡೀ ಹಾಸನ್ನು ಉತ್ತು ಹೋಗುತ್ತದೆ.

ಎರಡನೇ ಸೆಪ್ಟೆಂಬರ್‌ನಲ್ಲಿ ಬೋಳಾದ ಕಡೆಗೆ ನಿಮ್ಮದೇ ಹಾಸಿನ ದಟ್ಟ ಭಾಗದಿಂದ ಅಂಗೈ ಅಗಲದ ತುಂಡು ತೆಗೆದು ತುಂಬಿ. ನೆರೆಯವರು ಕೇಳಿದರೆ ಅವರಿಗೂ ಕೊಡಿ, ಬೇರನ್ನು ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ತೊಳೆದು ಕೊಟ್ಟರೆ ಕೊನ್ನಾರಿ ಜೊತೆಗೆ ಹೋಗುವುದಿಲ್ಲ.